ಮೇಷ್ಟ್ರು ನಿಲ್ಲುತ್ತಿದ್ದ ಜಾಗ

ಮೇಷ್ಟ್ರು ನಿವೃತ್ತರಾದ ಮರುದಿನವೇ ಸೋಪು ಪ್ಯಾಕ್ ಮಾಡುವ ಯಂತ್ರ ನಿಂತುಹೋಯಿತು. ಅವರನ್ನು ಮನೆಯಿಂದ ಕರೆಸಿ ಅದರ ಮುಂದೆ ನಿಲ್ಲಿಸಿದರು, ಓಡಿತು. ಅವರು ಮನೆಗೆ ಹೊರಟರು, ನಿಂತಿತು. ಅಂದಿನಿಂದ ಅವರು ಬೀಳ್ಕೊಡುಗೆಯಲ್ಲಿ ಕೊಟ್ಟ ಕೈಗಡಿಯಾರ ಕಟ್ಟಿಕೊಂಡು ದಿನಾ ಸೈಕಲ್ ಮೇಲೆ ಫ್ಯಾಕ್ಟರಿಗೆ ಬರುತ್ತಿದ್ದರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಯಾರು ಏನು ಮಾಡಿದರೂ ತಿದ್ದುತ್ತಿದ್ದುದರಿಂದ ಆ ಹೆಸರು ಬಂದಿತ್ತು.

ಇದನ್ನೆಲ್ಲ ನನಗೆ ಹೇಳಿದ್ದು ಪ್ರೊಡಕ್ಷನ್ ಮ್ಯಾನೇಜರ್. ತಗ್ಗಿದ ದನಿಯಲ್ಲಿ ಹೇಳಿದರು. ಗಂಡ ತೀರಿಕೊಂಡ ಮೇಲೆ ಎಲ್ಲರೂ ನನ್ನ ಹತ್ತಿರ ತಗ್ಗಿದ ದನಿಯಲ್ಲೇ ಮಾತಾಡುತ್ತಾರೆ. ಸುತ್ತ ಯಂತ್ರಗಳ ಗದ್ದಲವಿದ್ದುದರಿಂದ ಅರ್ಧ ಕೇಳಿಸಲಿಲ್ಲ.

“ಸ್ವಲ್ಪ ಜೋರಾಗಿ ಹೇಳಿ ಸರ್.”

“ನಾಳೆಯಿಂದ ಮೇಷ್ಟ್ರು ಬರಲ್ಲ ಮೇಡಂ,” ಎಂದು ಕೂಗಿದರು. “ಹೆಂಡತಿ ಜೊತೆ ಮಗಳ ಮನೆಗೆ ಹೊರಟಿದಾರೆ. ಟಿಕೆಟ್ ಆಗಿದೆ. ಇವತ್ತು ಸಂಜೆಯೊಳಗೆ ಸರಿ ಆಗ್ಲೇಬೇಕು.”

ಆಮೇಲೆ ನನ್ನ ಹಿಂದೆ ನೋಡಿದರು. “ಇವರು?”

“ನಮ್ಮ ಅತ್ತೆ.”

“ಇವರೂ ಎಂಜಿನಿಯರಾ?”

“ಇಲ್ಲಪ್ಪ,” ಎಂದರು ಅತ್ತೆ. “ನಾನು ಸುಮ್ನೆ ಬಂದೆ.”

ಅತ್ತೆ ಸುಮ್ಮನೆ ಬಂದವರಲ್ಲ. ಮಗ ಹೋದ ಮೇಲೆ ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಕೂರುವುದು ಅವರಿಗೆ ಆಗುತ್ತಿರಲಿಲ್ಲ. ಅದನ್ನು ಹಾಗೆಂದು ಹೇಳುವ ಜಾತಿಯವರಲ್ಲ. “ನಿನ್ನನ್ನ ಒಬ್ಬಳೇ ಕಳಿಸೋಕೆ ಮನಸ್ಸಿಲ್ಲ ಕಣೇ,” ಎಂದರು. ನಾನು ಆಫೀಸಿಗೆ ಫೋನ್ ಮಾಡಿ ಕೇಳಿದೆ. ಈಗ ನನಗೆ ಯಾರೂ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಒಂದು ಆನೆಯನ್ನು ಕರೆದುಕೊಂಡು ಹೋಗಲೇ ಎಂದಿದ್ದರೂ ನಮ್ಮ ಸಾಹೇಬರು, “ಹೋಗಮ್ಮ, ಪಾಪ,” ಎನ್ನುತ್ತಿದ್ದರೇನೋ.

ಆದರೆ ಅದೇ ಸಾಹೇಬರು ಇನ್ನೊಂದು ಮಾತನ್ನೂ ಹೇಳಿದ್ದರು. ರಜೆ ಮುಗಿಸಿ ಬಂದ ಮೇಲೆ ಯಂತ್ರ ರಿಪೇರಿಗೆಂದು ನಾನು ಹೊರಟ ಮೊದಲ ಸೈಟ್ ಇದು. ಆಗದಿದ್ದರೆ ಬೇರೆಯವರನ್ನು ಕಳಿಸುತ್ತಾರೆ, ನನಗೆ ಆಫೀಸಿನಲ್ಲಿ ಕಿಟಕಿಯ ಪಕ್ಕ ಒಂದು ಟೇಬಲ್ ಇಟ್ಟಿದ್ದಾರೆ. “ಆರಾಮಾಗಿ ಡ್ರಾಯಿಂಗ್ ನೋಡ್ಕೊಂಡಿರು. ಇಷ್ಟು ಓಡಾಟ ನಿನಗೆ ಯಾಕಮ್ಮ ಈಗ?” ಎಂದಿದ್ದರು.

ಆ ಟೇಬಲ್ಲನ್ನು ನಾನು ನೋಡಿದ್ದೇನೆ. ನೀರು ಕುಡಿಯಲು ಹೋಗುವ ಪ್ರತಿಯೊಬ್ಬರೂ ಅದನ್ನು ದಾಟಿಯೇ ಹೋಗಬೇಕು. ಪ್ರತಿಯೊಬ್ಬರೂ ಒಂದು ಗಳಿಗೆ ನಿಂತು ಭುಜದ ಮೇಲೆ ಕೈ ಇಡುತ್ತಾರೆ. ಫ್ಯಾಕ್ಟರಿಗಳಲ್ಲಿ ಹಾಗಲ್ಲ. ಯಂತ್ರ ನಿಂತಿರುವಾಗ ಯಾರ ಭುಜದ ಮೇಲೂ ಯಾರೂ ಕೈ ಇಡುವುದಿಲ್ಲ.

ಒಳಗೆ ಬರುವಾಗ ಗೇಟಿನಲ್ಲಿ ನಮಗಿಬ್ಬರಿಗೂ ಹಸಿರು ಸೇಫ್ಟಿ ಜಾಕೆಟ್ ಕೊಟ್ಟಿದ್ದರು. ಹೊಟ್ಟೆಯ ಸುತ್ತ ಬೆಳ್ಳಿಯ ಬಣ್ಣದ ಹೊಳೆಯುವ ಪಟ್ಟಿ. ಒಳಗೆ ಎಲ್ಲರೂ ಅದನ್ನೇ ತೊಟ್ಟಿದ್ದರು. ಅತ್ತೆ ಸ್ವೆಟರಿನ ಮೇಲೆ ತೊಟ್ಟು, ಕೆಳಗೆ ನೋಡಿಕೊಂಡು, “ಚೆನ್ನಾಗಿದೆ. ಬೆಚ್ಚಗಿಲ್ಲ ಅಷ್ಟೆ,” ಎಂದಿದ್ದರು. ಪಕ್ಕದ ಶೆಡ್ಡಿನಲ್ಲಿ ಯಾರದೋ ಸೈಕಲ್ಲಿನ ಹಿಂದೆ ಬಿಳಿ ಬಿಲ್ಲೆಯೊಂದು ಬಿಸಿಲಿಗೆ ಹೊಳೆಯುತ್ತಿತ್ತು.

ಯಂತ್ರ ಓಡುತ್ತಿತ್ತು. ಬೆಲ್ಟಿನ ಮೇಲೆ ಸೋಪಿನ ಬಾಕ್ಸುಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು. ಬೆಲ್ಟಿನ ತುದಿಯಲ್ಲಿ, ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರೆದ ಒಂದು ಚೌಕದೊಳಗೆ, ಗಿಡ್ಡಗೆ ದುಂಡಗಿದ್ದ ಒಬ್ಬ ಹಿರಿಯರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಏನೂ ಮಾಡುತ್ತಿರಲಿಲ್ಲ.

“ಈ ಚೌಕ ಏನು?” ಎಂದು ಕೇಳಿದೆ.

“ಅದು ಮೇಷ್ಟ್ರ ಜಾಗ,” ಎಂದ ಪಕ್ಕದಲ್ಲಿದ್ದ ಹೊಸ ಆಪರೇಟರ್. ಅವನು ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರ. ಎಲ್ಲರೂ ಅವನನ್ನು ಕಂಬ ಎಂದೇ ಕರೆಯುತ್ತಿದ್ದರು, ಅವನೂ ಹಾಗೆಂದರೆ ತಿರುಗುತ್ತಿದ್ದ. “ಅಲ್ಲಿ ಬೇರೆ ಯಾರೂ ನಿಲ್ಲೋ ಹಾಗಿರ್ಲಿಲ್ಲ ಮೇಡಂ. ಅವರು ಟೀ ಕುಡಿಯೋಕೆ ಹೋದ್ರೂ ಮೊದ್ಲು ಮಿಷನ್ ನಿಲ್ಲಿಸಿ ಹೋಗ್ತಿದ್ರು.”

“ನಾನು ಸುಧಾರಿಸ್ಕೊಂಡ್ರೆ ಅದೂ ಸುಧಾರಿಸ್ಕೊಳ್ಳಲಿ ಅಂತ,” ಎಂದರು ಮೇಷ್ಟ್ರು ತಿರುಗದೆಯೇ. “ಅದಕ್ಕೆ ನನ್ನ ಕೈಗುಣ ಗೊತ್ತು ತಾಯಿ. ನೀವು ಕಂಪ್ಯೂಟರ್ ತಂದಿದೀರಿ. ನೋಡಿ. ನನಗೇನೂ ಬೇಜಾರಿಲ್ಲ.”

ಹೇಳಿದ ರೀತಿಯಲ್ಲೇ ಅವರಿಗೆ ಬಹಳ ಖುಷಿಯಾಗಿದೆ ಎಂದು ಗೊತ್ತಾಗುತ್ತಿತ್ತು.

ಮೇಷ್ಟ್ರು ನಿವೃತ್ತರಾದ ಮೇಲಿನ ಒಂದು ತಿಂಗಳಲ್ಲಿ ಫ್ಯಾಕ್ಟರಿಯವರು ಏನೇನು ಮಾಡಿ ನೋಡಿದ್ದರೋ, ಕಂಬ ತೋರಿಸಿದ. ಮೇಷ್ಟ್ರ ಟೋಪಿ ಇಸಿದುಕೊಂಡು ತಾನು ಹಾಕಿಕೊಂಡು ನಿಂತಿದ್ದ. ಅವರು ಗುನುಗುವ ರಾಗವನ್ನೇ ಗುನುಗಿದ್ದ. ಅವರ ನೀರಿನ ಬಾಟಲಿಯನ್ನು ಅದು ಯಾವಾಗಲೂ ನೇತಾಡುವ, ಚೌಕದ ಮುಂದೆ ಬೆಲ್ಟಿನ ಅಂಚಿನಲ್ಲಿದ್ದ ಕೊಕ್ಕೆಯಲ್ಲೇ ನೇತುಹಾಕಿದ್ದ. ಕೊನೆಗೆ ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲಿಗೆ ಮೇಷ್ಟ್ರ ಫೋಟೋ ಅಂಟಿಸಿದ್ದರು, ಬೀಳ್ಕೊಡುಗೆಯ ದಿನದ್ದು, ಕಣ್ಣು ಮುಚ್ಚಿದ್ದು.

“ಕಣ್ಣು ಬಿಟ್ಟಿರೋದು ಸಿಗ್ಲಿಲ್ವಾ?” ಎಂದರು ಅತ್ತೆ.

“ಅದಕ್ಕೇ ಓಡಲಿಲ್ವೇನೋ,” ಎಂದ ಕಂಬ.

ನಾನು ಫೋಟೋ ಇದ್ದ ಬಾಗಿಲು ತೆರೆದು ಕೆಲಸ ಶುರುಮಾಡಿದೆ. ಒಳಗೆ ಪಿಎಲ್‌ಸಿ ಇರುತ್ತದೆ. ಇಡೀ ಯಂತ್ರವನ್ನು ಓಡಿಸುವ ಬೂದು ಬಣ್ಣದ ಪೆಟ್ಟಿಗೆ. ಬಹಳ ಮುಗ್ಧ ಜೀವಿ. ಅದಕ್ಕೆ ಕಣ್ಣಿಲ್ಲ, ಅನುಮಾನವಿಲ್ಲ. ತಂತಿಗಳು ತಂದು ಹೇಳಿದ್ದನ್ನು ನಂಬುತ್ತದೆ, ಬರೆದಿಟ್ಟ ಪ್ರೋಗ್ರಾಂ ಪ್ರಕಾರ ನಡೆದುಕೊಳ್ಳುತ್ತದೆ. ಅದರ ಹತ್ತಿರ ಕೂತರೆ ನನಗೆ ಸಮಾಧಾನ. ಅದು ಯಾವತ್ತೂ ನನ್ನನ್ನು ಊಟ ಆಯಿತಾ ಎಂದು ಕೇಳಿಲ್ಲ.

ಲ್ಯಾಪ್‌ಟಾಪ್ ಜೋಡಿಸಿ, ಮೇಷ್ಟ್ರನ್ನು ಎರಡು ಹೆಜ್ಜೆ ಸರಿಯಲು ಹೇಳಿದೆ. ಸರಿದರು. ಯಂತ್ರ ನಿಂತಿತು. ಬಾಕ್ಸು ಸಿಕ್ಕಿಕೊಂಡಿದೆ ಎಂದು ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಎಲ್ಲಿಯೂ ಯಾವ ಬಾಕ್ಸೂ ಸಿಕ್ಕಿಕೊಂಡಿರಲಿಲ್ಲ.

ಅದನ್ನು ಹೇಳಬೇಕಾದ್ದು ಬೆಲ್ಟಿನ ತುದಿಯ ಒಂದು ಸೆನ್ಸರ್. ಅದು ಮೇಷ್ಟ್ರ ಚೌಕಕ್ಕೆ ಎದುರು ಬದಿಯಲ್ಲಿತ್ತು. ಬೆಲ್ಟಿನ ಮೇಲಿಂದ ಅಡ್ಡಲಾಗಿ ಬೆಳಕು ಬಿಡುತ್ತದೆ. ಬೆಳಕು ಆಚೆ ಬದಿಯಲ್ಲಿ ತಾಗಿ ವಾಪಸ್ ಬಂದರೆ ದಾರಿ ಖಾಲಿ ಇದೆ ಎಂದರ್ಥ. ಬರದಿದ್ದರೆ ಮಧ್ಯೆ ಬಾಕ್ಸು ಇದೆ. ತುಂಬ ಹೊತ್ತು ಬರದೇ ಇದ್ದರೆ ಬಾಕ್ಸು ಸಿಕ್ಕಿಕೊಂಡಿದೆ.

ಹೋಗಿ ನೋಡಿದೆ. ಸೆನ್ಸರಿನ ಮುಖ ಕಾಣಬೇಕಾದರೆ ಮೇಷ್ಟ್ರ ಕಡೆಯಿಂದ ಬೆಲ್ಟಿನ ಮೇಲೆ ಬಗ್ಗಬೇಕು. ಬಗ್ಗಿದೆ. ಅದರ ಪುಟ್ಟ ಹಳದಿ ದೀಪ ಚೆನ್ನಾಗಿ ಉರಿಯುತ್ತಿತ್ತು. ಬೆಳಕು ಹೋಗಿ ವಾಪಸ್ ಬರುತ್ತಿದೆ. ಸೆನ್ಸರ್ ಸರಿಯಾಗಿದೆ.

ಪ್ಯಾನೆಲ್ಲಿಗೆ ಬಂದು ಲ್ಯಾಪ್‌ಟಾಪ್ ನೋಡಿದೆ. ವಾಪಸ್ ಬರುತ್ತಿಲ್ಲ.

ಮತ್ತೆ ಹೋಗಿ ಬಗ್ಗಿದೆ. ಬರುತ್ತಿದೆ. “ಈಗ ಏನು ತೋರಿಸ್ತಿದೆ?” ಎಂದು ಕೂಗಿದೆ.

“ಸರಿ ಇದೆ ಅಂತಿದೆ ಮೇಡಂ,” ಎಂದು ಕಂಬ ಪ್ಯಾನೆಲ್ಲಿನಿಂದ ಕೂಗಿದ.

ಬಂದೆ. ಸರಿ ಇರಲಿಲ್ಲ. ಕಂಬ ಎರಡೂ ಕೈ ಮೇಲೆತ್ತಿ, “ನಾನು ಮುಟ್ಟಿಲ್ಲ,” ಎಂದ.

ಹೀಗೆ ಎಷ್ಟು ಸಲ ಓಡಾಡಿದೆನೋ. ಅತ್ತೆ ಕುರ್ಚಿ ಹಾಕಿಸಿಕೊಂಡು, ಟೆನಿಸ್ ಆಟ ನೋಡುವವರಂತೆ ತಲೆಯನ್ನು ಅತ್ತ ಇತ್ತ ತಿರುಗಿಸುತ್ತಿದ್ದರು.

“ನೀನು ಹೋದ್ರೆ ಸರಿಯಾಗುತ್ತೆ, ಬಂದ್ರೆ ಕೆಡುತ್ತೆ,” ಎಂದರು. “ನಿಮ್ಮ ಮಾವನ ರೇಡಿಯೋ ಹಿಂಗೇ ಇತ್ತು. ಕೈಯಲ್ಲಿ ಹಿಡ್ಕೊಂಡ್ರೆ ವಾರ್ತೆ, ಬಿಟ್ರೆ ಗೊರಗೊರ. ಪಾಪ, ಅವರು ಬಲಗೈಲಿ ಊಟ ಮಾಡಿ ಎಡಗೈಲಿ ರೇಡಿಯೋ ಹಿಡ್ಕೊಂಡಿರೋರು.”

“ಅತ್ತೆ, ಇದು ರೇಡಿಯೋ ಅಲ್ಲ.”

“ನಾನೆಲ್ಲಿ ರೇಡಿಯೋ ಅಂದೆ?”

ಎಲ್ಲೋ ತಂತಿ ಸಡಿಲವಿದೆ ಎಂದು ತೀರ್ಮಾನಿಸಿದೆ. ಓಡಾಡಿದಾಗ ನೆಲ ಅದುರಿ ಕೂಡಿಕೊಳ್ಳುತ್ತದೆ, ಬಿಡುತ್ತದೆ. ಮೇಷ್ಟ್ರೂ ಭಾರದ ಮನುಷ್ಯರು, ಅವರು ನಿಂತರೆ ಎಲ್ಲೋ ಅದುಮಿ ತಂತಿ ಕೂಡುತ್ತದೆ. ಈ ತರ್ಕ ನನಗೆ ಬಹಳ ಹಿಡಿಸಿತು. ಮ್ಯಾನೇಜರ್ ಗೊಣಗುತ್ತಲೇ ಯಂತ್ರ ನಿಲ್ಲಿಸಲು ಒಪ್ಪಿದರು. ಇಡೀ ಕೇಬಲ್ ಬದಲಾಯಿಸಿದೆ. ಪಿಎಲ್‌ಸಿಯಲ್ಲಿ ತಂತಿ ಸೇರುವ ಜಾಗವನ್ನೂ ಬದಲಾಯಿಸಿದೆ. ಮತ್ತೆ ಶುರುಮಾಡಿದೆವು. ಮೇಷ್ಟ್ರು ಚೌಕದಲ್ಲಿ ನಿಂತರು, ಓಡಿತು. ಚೌಕದಿಂದ ಹೊರಗೆ ಬಂದರು, ನಿಂತಿತು.

ಭಾರದ ವಿಷಯ ಪರೀಕ್ಷಿಸಲು ಚೌಕದಲ್ಲಿ ಸೋಪಿನ ಮೂಟೆ ಇಟ್ಟು ನೋಡಿದೆವು. ಪ್ರಯೋಜನವಾಗಲಿಲ್ಲ. ಮೇಷ್ಟ್ರು ಮೂಟೆಯನ್ನು ನೋಡಿದರು, ನನ್ನನ್ನು ನೋಡಿದರು.

“ನನ್ನ ಬದಲಿಗೆ ಇದನ್ನಾ?” ಎಂದರು.

ಊಟದ ಹೊತ್ತಿಗೆ ಸಾಹೇಬರ ಫೋನ್ ಬಂತು. ಮ್ಯಾನೇಜರ್ ಹೇಳಿರಬೇಕು.

“ಪರವಾಗಿಲ್ಲಮ್ಮ,” ಎಂದರು, ಅದೇ ತಗ್ಗಿದ ದನಿ. “ನಾಳೆ ಬೆಳಿಗ್ಗೆ ಬೇರೆ ಹುಡುಗನ್ನ ಕಳಿಸ್ತೀನಿ. ನೀನು ಮನಸ್ಸಿಗೆ ಹಚ್ಕೋಬೇಡ. ಟೇಬಲ್ ಒರೆಸಿಡೋಕೆ ಹೇಳಿದೀನಿ.”

“ಇನ್ನೂ ಸಂಜೆ ಆಗಿಲ್ಲ ಸರ್,” ಎಂದೆ.

“ಆಯ್ತಮ್ಮ, ಆಯ್ತು,” ಎಂದರು. ಜ್ವರ ಬಂದ ಮಗುವಿಗೆ ಹೇಳುವ ಹಾಗೆ.

ಮಧ್ಯಾಹ್ನ ನಾನು ಪ್ರೋಗ್ರಾಮನ್ನು ಮೊದಲಿನಿಂದ ಓದಲು ಕೂತೆ. ಬೇರೆ ಏನೂ ತೋಚಲಿಲ್ಲ. ಆಚೆ ಬೆಲ್ಟಿನ ತುದಿಯಲ್ಲಿ ಅತ್ತೆಯೂ ಮೇಷ್ಟ್ರೂ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು.

“ಹಂಗಾದ್ರೆ ದಿನಾ ಇಲ್ಲಿ ನಿಂತ್ಕೊಳ್ಳೋದೇ ನಿಮ್ಮ ಕೆಲ್ಸ?”

“ನಿಂತ್ಕೊಳ್ಳೋದು ಅಂದ್ರೆ ಸುಲಭ ಅಲ್ಲ ಅಮ್ಮಾವ್ರೇ. ಗಮನ ಕೊಟ್ಟು ನಿಲ್ಬೇಕು.”

“ಅದಕ್ಕೆ ಸಂಬಳ ಬೇರೆ.”

“ನೀವು ನಿಂತು ನೋಡಿ. ಗೊತ್ತಾಗುತ್ತೆ.”

“ನನ್ನ ಮಗನೂ ಹಿಂಗೇ ನಿಲ್ತಿದ್ದ,” ಎಂದರು ಅತ್ತೆ. “ಅಡುಗೆಮನೆ ಬಾಗ್ಲಲ್ಲಿ, ಕೈ ಕಟ್ಕೊಂಡು. ಒಂದು ಲೋಟ ಎತ್ತಿ ಇಡ್ತಿರಲಿಲ್ಲ. ದಾರಿಗೆ ಅಡ್ಡ ಅಂತ ದಿನಾ ಬೈತಿದ್ದೆ.”

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು, “ಕೈ ತೊಳ್ಕೊಂಡು ಬರ್ತೀನಿ. ಈಗ ನಿಲ್ಲುತ್ತೆ, ಹೆದರ್ಬೇಡಿ,” ಎಂದು ಹೊರಟರು. ಆ ದಿನ ನಾನು ಪದೇಪದೇ ನಿಲ್ಲಿಸಿ ನೋಡುತ್ತಿದ್ದುದರಿಂದ ಯಂತ್ರವನ್ನು ತಾವೇ ನಿಲ್ಲಿಸಿ ಹೋಗುವ ಪದ್ಧತಿಯನ್ನು ಅವರು ಬಿಟ್ಟಿದ್ದರು.

ನಾನು ಪ್ರೋಗ್ರಾಂ ಓದುತ್ತಿದ್ದೆ. ಯಂತ್ರ ನಿಲ್ಲುವ ಸದ್ದಿಗೆ ಕಿವಿ ಕಾಯುತ್ತಿತ್ತು. ಸದ್ದು ಬರಲಿಲ್ಲ. ತಲೆ ಎತ್ತಿದೆ.

ಹಳದಿ ಚೌಕದೊಳಗೆ ಅತ್ತೆ ನಿಂತಿದ್ದರು. ಮೇಷ್ಟ್ರನ್ನು ಅಣಕಿಸಲು ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದರು, ಹೊಟ್ಟೆಯನ್ನು ಮುಂದೆ ತಂದಿದ್ದರು, ಮುಖವನ್ನು ಗಂಭೀರ ಮಾಡಿಕೊಂಡಿದ್ದರು. ಬಾಕ್ಸುಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು.

ಕಂಬ ಮೊದಲು ನೋಡಿದ. ಅವನು ಪಕ್ಕದವನನ್ನು ತಿವಿದ. ಅವನು ಮ್ಯಾನೇಜರನ್ನು ಕರೆದ. ಕೊನೆಗೆ ಎಲ್ಲರೂ ಬಂದು ಅತ್ತೆಯ ಸುತ್ತ ಅರ್ಧ ವೃತ್ತವಾಗಿ ನಿಂತರು. ಅತ್ತೆಗೆ ಯಾಕೆಂದು ಗೊತ್ತಾಗಲಿಲ್ಲ.

“ಏನಾಯ್ತು? ನಾನು ಏನೂ ಮುಟ್ಟಿಲ್ಲ,” ಎಂದರು.

“ಅಮ್ಮಾ, ಅಲ್ಲಾಡ್ಬೇಡಿ,” ಎಂದರು ಮ್ಯಾನೇಜರ್. “ನಿಮಗೆ ನಾಳೆಯಿಂದ ಬೇರೆ ಏನಾದ್ರೂ ಕೆಲಸ ಇದೆಯಾ?”

ಅಷ್ಟರಲ್ಲಿ ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಬಂದರು. ಓಡುತ್ತಿದ್ದ ಯಂತ್ರವನ್ನು ನೋಡಿದರು. ತಮ್ಮ ಜಾಗದಲ್ಲಿ ನಿಂತಿದ್ದವರನ್ನು ನೋಡಿದರು. ಅವರ ಮುಖವನ್ನು ನಾನು ಪೂರ್ತಿ ನೋಡಲಿಲ್ಲ. ಹಾಗೆ ನೋಡುವುದು ಸರಿಯಲ್ಲ ಎನಿಸಿತು.

ಅತ್ತೆಗೆ ಈಗ ಅರ್ಥವಾಗಿತ್ತು. “ಕೈಗುಣ,” ಎಂದು ಗದ್ದ ಮೇಲೆತ್ತಿದರು.

ನಾನು ಎದ್ದು ಹೋದೆ. ಅತ್ತೆಯ ಪಕ್ಕ ಮೇಷ್ಟ್ರನ್ನು ನಿಲ್ಲಿಸಿ ನೋಡಿದೆ. ಇಬ್ಬರದೂ ಒಂದೇ ಎತ್ತರ. ಇಬ್ಬರ ಹೊಟ್ಟೆಯ ಮೇಲಿನ ಬೆಳ್ಳಿಯ ಪಟ್ಟಿಯೂ ಒಂದೇ ಮಟ್ಟದಲ್ಲಿತ್ತು, ಬೆಲ್ಟಿಗಿಂತ ಒಂದು ಗೇಣು ಮೇಲೆ. ಸೆನ್ಸರ್ ಇದ್ದ ಮಟ್ಟದಲ್ಲಿ. ಕಂಬನ ಪಟ್ಟಿ ಎಲ್ಲೋ ಮೇಲಿತ್ತು.

“ಅತ್ತೆ, ಜಾಕೆಟ್ ಬಿಚ್ಚಿ.”

“ಎಲ್ಲರ ಮುಂದೆ?”

“ಒಳಗೆ ಸ್ವೆಟರ್ ಇದೆಯಲ್ಲ.”

ಬಿಚ್ಚಿದರು. ಯಂತ್ರ ನಿಂತಿತು. ನೆಲ ಒರೆಸುವ ಕೋಲು ಗೋಡೆಗೆ ಒರಗಿತ್ತು. ಅದಕ್ಕೆ ಜಾಕೆಟ್ ತೊಡಿಸಿ, ಪಟ್ಟಿಯನ್ನು ಮಟ್ಟಕ್ಕೆ ತಂದು, ಚೌಕದಲ್ಲಿ ನಿಲ್ಲಿಸಿ, ಬಟನ್ ಒತ್ತಿದೆ. ಓಡಿತು.

ಕಂಬ ಕೋಲನ್ನು ನೋಡಿ, “ಇದಕ್ಕೂ ಒಂದು ಕೈಗಡಿಯಾರ ಕೊಡ್ಬೇಕು,” ಎಂದ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಕೊಕ್ಕೆಯಿಂದ ನೀರಿನ ಬಾಟಲಿ ತೆಗೆದುಕೊಂಡು ಹೊರಗೆ ನಡೆದರು.

ನಾನು ಆ ಕೊಕ್ಕೆಯನ್ನು ಅವತ್ತು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಅದು ಕೊಕ್ಕೆಯಾಗಿರಲಿಲ್ಲ. ಎರಡು ಬೆರಳು ಚಾಚಿದಂತಿದ್ದ ಕಬ್ಬಿಣದ ಕವಲು, ಪ್ರತಿ ತುದಿಯಲ್ಲೂ ಒಂದು ಸ್ಕ್ರೂ ತೂತು. ಸೆನ್ಸರಿಗೆ ನೇರ ಎದುರಿಗಿತ್ತು. ಅಲ್ಲಿ ಒಂದು ರಿಫ್ಲೆಕ್ಟರ್ ಇರಬೇಕಿತ್ತು, ಬೆಳಕನ್ನು ವಾಪಸ್ ಕಳಿಸುವ ದುಂಡನೆಯ ಬಿಲ್ಲೆ. ಅದಿಲ್ಲದೆ ಅಷ್ಟು ವರ್ಷ ಮೇಷ್ಟ್ರ ಹೊಟ್ಟೆ ಬೆಳಕನ್ನು ವಾಪಸ್ ಕಳಿಸುತ್ತಿತ್ತು. ಬೆಳಿಗ್ಗೆಯಿಂದ ಪರೀಕ್ಷೆ ಮಾಡಲು ನಾನು ಬಗ್ಗಿದಾಗಲೆಲ್ಲ ನನ್ನ ಜಾಕೆಟ್ ಅದೇ ಕೆಲಸ ಮಾಡಿತ್ತು. ಬೆಳಕು ವಾಪಸ್ ಬರುತ್ತಿದೆ ಎಂದಷ್ಟೇ ನೋಡಿದ್ದೆ. ಎಲ್ಲಿಂದ ಬರುತ್ತಿದೆ ಎಂದು ಕೇಳಿರಲಿಲ್ಲ. ಫ್ಯಾಕ್ಟರಿಯವರು ಮೇಷ್ಟ್ರ ಟೋಪಿ, ಬಾಟಲಿ, ರಾಗ, ಫೋಟೋ, ಅವರದೇ ಆದದ್ದನ್ನೆಲ್ಲ ಪ್ರಯತ್ನಿಸಿದ್ದರು. ಜಾಕೆಟ್ ಎಲ್ಲರ ಮೈಮೇಲೂ ಇತ್ತು, ಆದ್ದರಿಂದ ಯಾರಿಗೂ ಹೊಳೆದಿರಲಿಲ್ಲ.

ಸ್ಟೋರಿನಲ್ಲಿ ಅಂಥ ಬಿಲ್ಲೆ ಇರಲಿಲ್ಲ. ತರಿಸಲು ವಾರ ಬೇಕು ಎಂದರು. ಆಗ ನನಗೆ ಬೆಳಿಗ್ಗೆ ಗೇಟಿನ ಹತ್ತಿರ ಕಂಡದ್ದು ನೆನಪಾಯಿತು. ಸೈಕಲ್ ಶೆಡ್ಡಿಗೆ ಹೋದೆ.

ಮೇಷ್ಟ್ರು ತಮ್ಮ ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಸ್ಕ್ರೂ ಬಿಚ್ಚುತ್ತಿದ್ದರು. ಹಿಂದಿನ ಮಡ್‌ಗಾರ್ಡಿನ ಮೇಲೆ, ಕೆಂಪು ಇರಬೇಕಾದ ಜಾಗದಲ್ಲಿ, ಅಂಗೈ ಅಗಲದ ಬಿಳಿ ಬಿಲ್ಲೆ ಹೊಳೆಯುತ್ತಿತ್ತು.

“ಹೊಟ್ಟೆಗೆ ಚುಚ್ಚುತ್ತಿತ್ತು ತಾಯಿ,” ಎಂದರು ತಲೆ ಎತ್ತದೆ. “ಒಂದಿನ ಬಿಚ್ಚಿದೆ. ಮಿಷನ್ ನಿಲ್ಲಲಿಲ್ಲ. ಹಂಗಾದ್ರೆ ಇದು ಬೇಕಿಲ್ಲ ಅಂದ್ಕೊಂಡೆ.”

“ಬಿಚ್ಚುವಾಗ ನೀವು ಎಲ್ಲಿ ನಿಂತಿದ್ರಿ?”

“ಅಲ್ಲೇ. ಇನ್ನೆಲ್ಲಿ ನಿಲ್ಲಲಿ?”

ಕೊನೆಯ ಸ್ಕ್ರೂ ಬಂತು. ಬಿಲ್ಲೆಯನ್ನು ಅಂಗಿಯ ತುದಿಯಿಂದ ಒರೆಸಿದರು.

“ಅಂದ್ರೆ ಇಷ್ಟು ವರ್ಷ ನಾನು ಈ ಪ್ಲಾಸ್ಟಿಕ್ಕಿನ ಕೆಲಸ ಮಾಡಿದೆ.”

ಹೌದು ಎನ್ನುವುದು ಬಿಟ್ಟು ಬೇರೆ ಉತ್ತರವಿರಲಿಲ್ಲ. “ರಜೆ ಹಾಕದೆ ಮಾಡಿದಿರಿ,” ಎಂದೆ.

ಅವರು ಯೋಚಿಸಿದರು. “ಅದು ನಿಜ,” ಎಂದರು. “ಜ್ವರ ಬಂದಾಗ್ಲೂ ಬಂದಿದೀನಿ.”

ಒಳಗೆ ಅವರೇ ಅದನ್ನು ಕವಲಿಗೆ ಕೂರಿಸಿದರು. ನಾನು ಸ್ಕ್ರೂಡ್ರೈವರ್ ಕೇಳಿದರೂ ಕೊಡಲಿಲ್ಲ. ಕೋಲಿನ ಜಾಕೆಟ್ ಬಿಚ್ಚಿದೆವು. ಚೌಕ ಖಾಲಿಯಾಯಿತು. ಯಂತ್ರ ಓಡಿತು.

“ಇದನ್ನ ಯಾರು ತೆಗೆದಿದ್ದು?” ಎಂದು ಮ್ಯಾನೇಜರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, “ನಾನೇ. ಇದಿಲ್ಲದೆ ಓಡಿಸ್ತೀನಾ ನೋಡೋಣ ಅಂತ ತೆಗೆದೆ. ಓಡಿಸಿದೆ,” ಎಂದರು.

ಮ್ಯಾನೇಜರ್ ಬಿಲ್ಲೆಯನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿ ಹೋದರು.

ಸಂಜೆ ಮೇಷ್ಟ್ರು ಎಲ್ಲರಿಗೂ ಹೇಳಿ ಹೊರಟರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. ಯಂತ್ರ ಓಡುತ್ತಿತ್ತು. ಬಾಟಲಿ ತೆರೆದು ಒಂದು ಗುಟುಕು ನೀರು ಕುಡಿದರು. ಓಡುತ್ತಲೇ ಇತ್ತು. ಗಡಿಯಾರ ನೋಡಿಕೊಂಡರು. ಹೋಗಲು ಅವರಿಗೆ ಕಾಲು ಬರುತ್ತಿರಲಿಲ್ಲ.

ಆಗ ಕಂಬ ಬೇರೆ ಕಡೆ ನೋಡುತ್ತ ತನ್ನ ಉದ್ದ ಕೈಯನ್ನು ಚಾಚಿ ಸ್ಟಾಪ್ ಬಟನ್ ಒತ್ತಿದ.

ಯಂತ್ರ ನಿಂತಿತು. ಮೇಷ್ಟ್ರ ಮುಖ ಅರಳಿತು. “ನೋಡಿದ್ರಾ,” ಎನ್ನುತ್ತ ವಾಪಸ್ ಬಂದರು. ಬೆಲ್ಟಿನ ಪಕ್ಕದ ತಗಡನ್ನು ಎರಡು ಸಲ ತಟ್ಟಿ, “ಹೋಗ್ಬರ್ತೀನಪ್ಪ. ಹುಡುಗ ಒಳ್ಳೆಯವನು. ಹಟ ಮಾಡ್ಬೇಡ,” ಎಂದರು. ಕಂಬ ಸ್ಟಾರ್ಟ್ ಒತ್ತಿದ. ಓಡಿತು. ಈ ಸಲ ಅವರು ತಿರುಗಿ ನೋಡದೆ ಹೋದರು.

ಯಾವ ಬಟನ್ನನ್ನು ಯಾವಾಗ ಒತ್ತಿದರು ಎನ್ನುವುದು ಪಿಎಲ್‌ಸಿಯ ನೆನಪಿನಲ್ಲಿ ಉಳಿಯುತ್ತದೆ. ಕಂಬ ಒತ್ತಿದ ಅದೊಂದನ್ನು ಅಳಿಸಿ ಲ್ಯಾಪ್‌ಟಾಪ್ ಮುಚ್ಚಿದೆ.

ಸಾಹೇಬರಿಗೆ ಫೋನ್ ಮಾಡಿದೆ. ಸರಿಯಾಯಿತು ಎಂದಾಗ ಅವರು ಸಂತೋಷಕ್ಕೆ ತಗ್ಗಿದ ದನಿ ಮರೆತರು. “ಭೇಷ್. ನಾಳೆ ಬಾಟಲಿ ತುಂಬೋ ಫ್ಯಾಕ್ಟರಿಗೆ ಹೋಗ್ತೀಯಾ? ಅಲ್ಲಿ ಮುಚ್ಚಳ ಬೀಳ್ತಿಲ್ಲ.”

“ಹೋಗ್ತೀನಿ.”

“ಮತ್ತೆ ಆ ಟೇಬಲ್ಲು?”

“ಅಲ್ಲಿ ನೀರಿನ ಕ್ಯಾನ್ ಇಡಿಸಿ ಸರ್. ಎಲ್ಲರಿಗೂ ಹತ್ತಿರ ಆಗುತ್ತೆ.”

ಅವರು ಸರಿ ಎಂದರು. “ಅತ್ತೆಯವರೂ ಬರ್ತಾರಾ?”

ಅತ್ತೆ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. “ಮುಚ್ಚಳಕ್ಕೆ ನಾನು ಎಲ್ಲಿ ನಿಲ್ಬೇಕು ಅಂತ ಕೇಳು,” ಎಂದರು.

ಮನೆಗೆ ಬಂದ ಮೇಲೆ ನೋಡಿದರೆ ಅವರು ಸೇಫ್ಟಿ ಜಾಕೆಟ್ ವಾಪಸ್ ಕೊಟ್ಟಿರಲೇ ಇಲ್ಲ. ನಾಳೆ ಕೊಟ್ಟರಾಯಿತು ಎಂದರು, ಬಿಚ್ಚಲೂ ಇಲ್ಲ. ನಾನು ಹಾಲು ಕಾಯಲು ಇಟ್ಟೆ. ಈಚೆಗೆ ನಮ್ಮ ಮನೆಯಲ್ಲಿ ಹಾಲು ದಿನಾ ಉಕ್ಕುತ್ತದೆ. ಮೊದಲು ಹಾಗಿರಲಿಲ್ಲ. ಬಾಗಿಲಲ್ಲಿ ಕೈ ಕಟ್ಟಿ ನಿಂತವರು, ಮಾತಾಡುತ್ತ ಮಾತಾಡುತ್ತಲೇ, “ಏ, ಹಾಲು,” ಎನ್ನುತ್ತಿದ್ದರು. ಅಷ್ಟೇ ಅವರು ಮಾಡುತ್ತಿದ್ದ ಕೆಲಸ.

ಬೆನ್ನ ಹಿಂದೆ ಸದ್ದಾಗಿ ತಿರುಗಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈ ಕಟ್ಟಿಕೊಂಡು, ಚೌಕಟ್ಟಿಗೆ ಒರಗಿ. ದೀಪದ ಬೆಳಕಿಗೆ ಹೊಟ್ಟೆಯ ಮೇಲಿನ ಪಟ್ಟಿ ಹೊಳೆಯುತ್ತಿತ್ತು. ನನ್ನನ್ನು ನೋಡಲಿಲ್ಲ. ಒಲೆಯ ಕಡೆಯೇ ನೋಡುತ್ತಿದ್ದರು, ಬಹಳ ಗಮನ ಕೊಟ್ಟು.

ನಾನು ಅವರನ್ನು ನೋಡುತ್ತ ನಿಂತೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಒಲೆ ಆರಿಸಿದೆ. ಅತ್ತೆ ಪಾತ್ರೆಯ ಒಳಗೆ ಇಣುಕಲು ಪ್ರಯತ್ನಿಸಿದರು. ಬಾಗಿಲ ಹತ್ತಿರದಿಂದ ತುದಿಗಾಲಲ್ಲಿ ನಿಂತರೂ ಅದು ಅವರಿಗೆ ಕಾಣುತ್ತಿರಲಿಲ್ಲ.

“ನನ್ನ ಎತ್ತರ ಸಾಲಲ್ಲ ಕಣೇ,” ಎಂದರು. “ಒಂದು ಮಣೆ ತರ್ತೀನಿ ಇರು.”